ಮೂರು ಸೆಕೆಂಡಿನ ಊಟ

ಮಧ್ಯಾಹ್ನ ಎರಡು ಗಂಟೆಗೆ ಲೀಲಾಧರ ಆಫೀಸಿನ ಫೋನಿನ ನೂರನೇ ಪೆಟ್ಟಿಗೆ ತೆರೆದ. ಮೂವತ್ತೆಂಟು ಮೆಸೇಜು. ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಹರಿದ ಕ್ಯಾಲೆಂಡರಿನ ಹಿಂಬದಿಯಿಂದ ಮಾಡಿದ ಚೀಟಿಗಳ ಕಟ್ಟನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಕೇಳತೊಡಗಿದ.

“ಹ್ವಾಯ್, ಊಟ ಆಯ್ತಾ?”

ಕಟ್.

“ಶೆಟ್ರೆ, ನಮಸ್ಕಾರ. ಉಂಡ್ರ್ಯಾ?”

ಕಟ್.

“ಜಿತೇಂದ್ರಣ್ಣ, ಊಟ ಆಯ್ತಾ? ... ಹಲೋ?”

ಕಟ್.

ಮೂವತ್ತೆಂಟು ಮಂದಿ ಊಟ ವಿಚಾರಿಸಿದ್ದರು. ಲೀಲಾಧರನ ಬುತ್ತಿ ಮಾತ್ರ ಮೇಜಿನ ಕೆಳಗೆ ಮುಚ್ಚಿದಲ್ಲೇ ಇತ್ತು. ಒಂದು ನಿಟ್ಟುಸಿರು ಬಿಟ್ಟು ಮೊದಲನೆಯ ನಂಬರಿಗೆ ತಿರುಗಿ ಫೋನ್ ಮಾಡಿದ. “ಹ್ವಾಯ್, ನಾನ್ ಲೀಲಾಧರ. ಆಯ್ತ್ ಆಯ್ತ್, ಊಟ ಆಯ್ತ್. ಎಂತ ಸಂಗ್ತಿ ಹೇಳಿ.”

ಇದು ಹೀಗಾಗಲು ಕಾರಣ ಅವನದೇ ಗಂಟಲು.

ಗುಣಪಾಲ ಶೆಟ್ಟರ ಗೇರುಬೀಜದ ವ್ಯಾಪಾರ ಮೂರು ಊರಲ್ಲಿ ಹರಡಿಕೊಂಡಿತ್ತು. ಬೈಂದೂರಿನಲ್ಲಿ ಬೀಜದ ಮೂಟೆ ಒಟ್ಟುವ ಗೋಡೌನು, ಬ್ರಹ್ಮಾವರದಲ್ಲಿ ಬೀಜ ಬೇಯಿಸಿ ಒಡೆಯುವ ಫ್ಯಾಕ್ಟರಿ, ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ ಮಹಡಿಯ ಮೇಲೆ ಆಫೀಸು. ಆ ಆಫೀಸಿನ ಬಾಗಿಲ ಪಕ್ಕದ ಟೆಲಿಫೋನ್ ಬೋರ್ಡಿನ ಹಿಂದೆ ಲೀಲಾಧರ ಇಪ್ಪತ್ತೇಳು ವರ್ಷದಿಂದ ಕೂತಿದ್ದ. ಯಾರು ಯಾವ ಊರಿಂದ ಫೋನ್ ಮಾಡಿದರೂ ಮೊದಲು ಅವನ ಕಿವಿಗೆ ಬಿದ್ದೇ ಮುಂದೆ ಹೋಗಬೇಕು. “ಎಕ್ಸ್‌ಟೆನ್ಶನ್ ಇಪ್ಪತ್ತೆರಡು, ಟೆನ್ಶನ್ ಒಬ್ಬಂದೇ” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮೊದಲ ಹತ್ತು ವರ್ಷ ಜನ ಅದಕ್ಕೆ ನಕ್ಕಿದ್ದರು.

ಅವನಿಗೆ ಇನ್ನೊಂದು ವಿದ್ಯೆಯೂ ಇತ್ತು. ಯಾರ ಸ್ವರವನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೇ ಸಲಕ್ಕೆ ಅದು ಅವನ ಬಾಯಿಂದ ಹೊರಡುತ್ತಿತ್ತು. ಡಿಗ್ರಿ ಓದುವಾಗ ಪ್ರಿನ್ಸಿಪಾಲರ ಸ್ವರದಲ್ಲಿ ಮೈಕಿನಲ್ಲಿ ರಜೆ ಸಾರಿ, ಅರ್ಧ ಕಾಲೇಜನ್ನು ಬಸ್ ಹತ್ತಿಸಿ, ಒಂದು ವಾರ ಮನೆಯಲ್ಲಿ ಕೂತವ. ಆಫೀಸಿನಲ್ಲಿ ಶೆಟ್ಟರು ಎದುರಿಗೆ ಇಲ್ಲದಾಗ ಶೆಟ್ಟರಾಗುತ್ತಿದ್ದ. ಎದುರಿಗೆ ಇದ್ದಾಗಲೂ ಒಂದೆರಡು ಸಲ ಆಗಿದ್ದುಂಟು.

ಹಿಂದಿನ ವರ್ಷ ಯಾರೋ ಮೊಬೈಲಿನಲ್ಲಿ ಕಳಿಸಿದ ವ್ಯಾಪಾರದ ಮಾತೊಂದು ಸುತ್ತಿ ಸುತ್ತಿ ಬೇರೆ ಫ್ಯಾಕ್ಟರಿಯವರ ಗ್ರೂಪಿಗೆ ಹೋಗಿ ಬಿತ್ತು. ಆವತ್ತಿನಿಂದ ಶೆಟ್ಟರು ಮೊಬೈಲಿಗೆ ಬೆನ್ನು ತಿರುಗಿಸಿದರು. ಆಫೀಸಿನ ಮಾತು ಆಫೀಸಿನ ಫೋನಿನಲ್ಲೇ ಆಗಬೇಕು, ಆಡಿದ್ದಕ್ಕೆಲ್ಲ ದಾಖಲೆ ಇರಬೇಕು. ಫ್ಯಾಕ್ಟರಿಯಲ್ಲಂತೂ ಗೇಟಿನ ಹತ್ತಿರವೇ ಎಲ್ಲರ ಮೊಬೈಲನ್ನೂ ಡಬ್ಬಕ್ಕೆ ಹಾಕಿ ಒಳಗೆ ಬಿಡುತ್ತಿದ್ದರು.

ಈ ದಾಖಲೆಯ ಹಟಕ್ಕೆ ಮಂಗಳೂರಿನಿಂದ ಬಂದವನು ರೋಷನ್. ಕೊರಳಿಗೆ ಗುರುತಿನ ಚೀಟಿ, ಹೆಗಲಿಗೆ ವೈರಿನ ಸುರುಳಿ. ಮೂರು ಊರಿನ ಫೋನುಗಳನ್ನು ಒಂದೇ ಜಾಲಕ್ಕೆ ಸೇರಿಸಿ, ಲೀಲಾಧರನ ಪಕ್ಕದ ಕುರ್ಚಿಯಲ್ಲಿ ಕೂತು ಸಮಾಧಾನದಿಂದ ವಿವರಿಸಿದ.

“ನೋಡಿ ಲೀಲಾಧರಣ್ಣ, ಒಬ್ಬೊಬ್ರಿಗೆ ಒಂದೊಂದು ಪೆಟ್ಟಿಗೆ. ಒಂದರಿಂದ ಶುರುವಾಗುವ ನಂಬರ್ ಕುಂದಾಪುರದ್ದು, ಎರಡರದ್ದು ಬೈಂದೂರು, ಮೂರರದ್ದು ಬ್ರಹ್ಮಾವರ. ಪ್ರತಿ ಪೆಟ್ಟಿಗೆಗೂ ಒಂದು ಇಮೇಲ್ ವಿಳಾಸ ಉಂಟು. ಬ್ರಹ್ಮಾವರದಲ್ಲಿ ಕೂತು ನೂರ ನಾಲ್ಕು ಒತ್ತಿ ಮಾತಾಡಿದ್ರೆ, ಆ ಮಾತು ಇಮೇಲಿಗೆ ಅಂಟಿಕೊಂಡು ಸೀದಾ ಜಿತೇಂದ್ರ ಅವರ ಕಂಪ್ಯೂಟರಿಗೆ ಬರ್ತದೆ. ಅವರು ಬೇಕಾದಾಗ ಕೇಳ್ಬಹುದು.”

“ನಡೂಗೆ ನಾನ್ ಎಲ್ಲಿ?”

“ನೀವು ನೂರು. ವಿಳಾಸ ತಪ್ಪಿದ್ದೆಲ್ಲ ನಿಮ್ಮ ಪೆಟ್ಟಿಗೆಗೆ ಬೀಳ್ತದೆ. ಖಾಲಿ ಮೆಸೇಜು ಸಹ. ಎಂಟು ಸೆಕೆಂಡಿಗಿಂತ ಸಣ್ಣದಿದ್ರೆ ಅದನ್ನು ಖಾಲಿ ಅಂತ ಲೆಕ್ಕ ಹಿಡಿದು ಇಮೇಲ್ ಕಳಿಸೂದಿಲ್ಲ.”

“ಅಂದ್ರೆ ಗುಜರಿ.”

“ಹಾಗೆ ಹೇಳ್ಬೇಡಿ ಮಾರ್ರೆ. ಮತ್ತೆ ಒಂದು ವಿಷಯ. ಮಾತಾಡುವವರು ಮೂರು ಸೆಕೆಂಡ್ ಸುಮ್ಮನಾದ್ರೆ ಮಾತು ಮುಗೀತು ಅಂತ ಮಿಷಿನ್ ಲೈನ್ ಕಟ್ ಮಾಡ್ತದೆ. ಕಂಪೆನಿಯಿಂದ ಹಾಗೇ ಬರೂದು.”

ಒಂದು ತಿಂಗಳು ನೋಡುವುದು ಎಂದು ಶೆಟ್ಟರು ಹೇಳಿದರು. ಮಿಷಿನ್ ಸರಿಯಾದರೆ ಬೋರ್ಡಿಗೆ ಜನ ಬೇಡ, ಲೀಲಾಧರ ಬೈಂದೂರಿನ ಗೋಡೌನಿಗೆ. ಸರಿಯಾಗದಿದ್ದರೆ ಮಿಷಿನ್ ಮಂಗಳೂರಿಗೆ. ಶೆಟ್ಟರು ಇದನ್ನು ಮುಚ್ಚಿಟ್ಟೇನೂ ಹೇಳಲಿಲ್ಲ, ಅವನೆದುರಿಗೇ ಹೇಳಿದರು. ಲೀಲಾಧರನಿಗೆ ಐವತ್ತೇಳು. ಬೈಂದೂರು ಅಂದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಸ್ಸಿನಲ್ಲಿ ನೇತಾಡುವುದು. ಅದಾದರೂ ಸೈ. ಗೋಡೌನಿನ ಮೂಟೆಯ ಧೂಳು ಅವನ ಗಂಟಲಿಗೆ ಆಗಿಬರುತ್ತಿರಲಿಲ್ಲ. ಹಿಂದೊಮ್ಮೆ ನಾಲ್ಕು ದಿನ ಅಲ್ಲಿ ಹೋಗಿ ನಿಂತು ಬಂದದ್ದಕ್ಕೆ ಒಂದು ತಿಂಗಳು ಸ್ವರ ಕಟ್ಟಿತ್ತು. ಆ ತಿಂಗಳು ಅವನು ಯಾರೂ ಆಗಿರಲಿಲ್ಲ.

ಪೆಟ್ಟಿಗೆಗಳಿಗೆ ಮೊದಲ ಮಾತು ತುಂಬಬೇಕಿತ್ತು. ‘ನಾನು ಇಂಥವ, ನಿಮ್ಮ ವಿಷಯ ಹೇಳಿ’ ಎಂದು ಆಯಾ ಪೆಟ್ಟಿಗೆಯವರೇ ಹೇಳಬೇಕೆಂದು ರೋಷನ್ ಕಾಗದ ಕೊಟ್ಟಿದ್ದ. ಶೆಟ್ಟರಿಗೆ ಪುರುಸೊತ್ತಿಲ್ಲ. ಕುಂದಾಪುರದ ಆಫೀಸಿನಲ್ಲೇ ಕೂರುವ ಫ್ಯಾಕ್ಟರಿ ಮ್ಯಾನೇಜರ್ ಜಿತೇಂದ್ರನಿಗೆ ಮೈಕ್ ಕಂಡರೆ ನಾಚಿಕೆ. ಉಳಿದವರು ಇವತ್ತು ನಾಳೆ ಅಂದರು. ಕೊನೆಗೆ ಶೆಟ್ಟರೇ ಬಂದು, “ಹ್ವಾಯ್ ಲೀಲಾಧರ, ನಿಂಗ್ ಎಲ್ರ ಸ್ವರವೂ ಬತ್ತ್ ಅಲ್ದಾ? ನೀನೇ ಹೇಳಿ ಮುಗ್ಸ್” ಅಂದರು.

“ನಿಮ್ಮ ಸ್ವರವೂ?”

“ನನ್ ಸ್ವರ ನೀನ್ ತೆಗುದ್ ನಂಗ್ ಗೊತ್ತಿಲ್ಲ ಅಂದ್ಕಂಡಿದ್ಯಾ?”

ಹಾಗೆ ಒಂದು ಮಧ್ಯಾಹ್ನ ಲೀಲಾಧರ ಇಪ್ಪತ್ತೊಂದು ಜನರಾದ. ಶೆಟ್ಟರ ಕೆಮ್ಮು ಬೆರೆತ “ಹಾಂ... ಗುಣಪಾಲ. ಹೇಳಿ”, ಜಿತೇಂದ್ರನ ಮೂಗಿನಿಂದ ಹೊರಡುವ “ಜಿತೇಂದ್ರ ಮಾತಾಡುದ್, ಹೇಳಿ”, ಅಕೌಂಟ್ಸಿನ ಸರಸಕ್ಕನ ಎಳೆದ “ಯಾ...ರ್?” ಎಲ್ಲ ಅಚ್ಚು ಹೊಡೆದಂತೆ ಬಂದವು. ತನ್ನನ್ನು ಎಬ್ಬಿಸಿ ಕಳಿಸುವ ಯಂತ್ರಕ್ಕೆ ತಾನೇ ಬಾಯಿ ಕೊಡುತ್ತಿದ್ದೇನೆ ಎನ್ನುವುದು ಹದಿನಾರನೇ ಪೆಟ್ಟಿಗೆ ಹೊತ್ತಿಗೆ ಅವನಿಗೆ ಹೊಳೆಯಿತು. ಅಷ್ಟರಲ್ಲಿ ರಂಗೇರಿತ್ತು, ನಿಲ್ಲಿಸಲಿಲ್ಲ.

ಎರಡನೇ ದಿನಕ್ಕೇ ನೂರನೇ ಪೆಟ್ಟಿಗೆ ತುಂಬತೊಡಗಿತು.

ಬ್ರಹ್ಮಾವರದ ಫ್ಯಾಕ್ಟರಿಯಲ್ಲಿ ಕೆಲಸ ನಿಲ್ಲುವುದು ಊಟದ ಹೊತ್ತಿಗೆ. ಬೈಂದೂರಿನಲ್ಲಿ ಮೂಟೆ ಹೊರುವುದು ನಿಲ್ಲುವುದೂ ಆಗಲೇ. ಯಂತ್ರದ ಗಲಾಟೆ ನಿಂತು ಫೋನಿನಲ್ಲಿ ಮಾತು ಕೇಳುವುದು ಆ ಒಂದು ಗಂಟೆ ಮಾತ್ರ. ಹಾಗಾಗಿ ಎಲ್ಲ ಫೋನೂ ಆಗಲೇ. ಆ ಹೊತ್ತಿಗೆ ಆ ಕಡೆಯಿಂದ ಶೆಟ್ಟರ ಸ್ವರ “ಹಾಂ... ಗುಣಪಾಲ. ಹೇಳಿ” ಅಂದರೆ, ಊಟ ಆಯ್ತಾ ಎಂದು ಕೇಳದೆ ಯಾರಾದರೂ ಲಾರಿಯ ವಿಷಯ ಎತ್ತಿಯಾರೇ? ಕೇಳಿದ ಮೇಲೆ ಅವರ ಉತ್ತರಕ್ಕೆ ಕಾಯದೆ ಮುಂದೆ ಹೋದಾರೇ? ಜನ ಕಾಯುತ್ತಿದ್ದರು. ಮಿಷಿನ್ ಒಂದು, ಎರಡು, ಮೂರು ಎಣಿಸಿ ಲೈನ್ ಕಟ್ ಮಾಡುತ್ತಿತ್ತು. ಐದು ಸೆಕೆಂಡಿನ ಆ ಮೆಸೇಜು ಖಾಲಿ ಎಂದು ಲೀಲಾಧರನ ಪೆಟ್ಟಿಗೆಗೆ ಬೀಳುತ್ತಿತ್ತು. ಶೆಟ್ಟರ ಇಮೇಲಿಗೆ ಏನೂ ಬರುತ್ತಿರಲಿಲ್ಲ.

ಮಿಷಿನಿನ ಜೊತೆಗೇ ಬರುವ, ಇಂಗ್ಲಿಷಿನಲ್ಲಿ ಉಸುರುವ ಹೆಂಗಸಿನ ಸ್ವರ ಇದ್ದಿದ್ದರೆ ಯಾರೂ ಅವಳ ಊಟದ ಚಿಂತೆ ಮಾಡುತ್ತಿರಲಿಲ್ಲ.

ಆ ದಿನ ಲೀಲಾಧರ ಒಬ್ಬನೇ ನಕ್ಕ. ಮರುದಿನ ಹೋಗಿ ಶೆಟ್ಟರಿಗೆ ಹೇಳಬೇಕೆಂದು ಎದ್ದು, ಬಾಗಿಲ ತನಕ ಹೋಗಿ ತಿರುಗಿ ಬಂದು ಕೂತ. ಹೇಳಿದರೆ ಸರಿ ಮಾಡುತ್ತಾರೆ. ಸರಿ ಮಾಡಿದರೆ ಬೈಂದೂರು. ಹೇಳದೆ ಇದ್ದು, ತಾನೇ ತಿರುಗಿ ಫೋನ್ ಮಾಡಿ, ಸಂಗತಿ ಕೇಳಿ, ಚೀಟಿಯಲ್ಲಿ ಬರೆದು ಅವರವರ ಮೇಜಿಗೆ ಇಟ್ಟರೆ ಕೆಲಸವೂ ನಡೆಯಿತು, ಮಿಷಿನಿನಿಂದ ಏನೂ ಆಗದು ಎಂದೂ ಆಯಿತು. ತಿಂಗಳ ಕೊನೆಗೆ ಶೆಟ್ಟರೇ ಅದನ್ನು ಕಿತ್ತು ಕಳಿಸುತ್ತಾರೆ.

ಉಪಾಯ ಒಳ್ಳೆಯದೇ. ಅದರ ಭಾರ ಎಷ್ಟೆಂದು ಅವನು ತೂಗಿರಲಿಲ್ಲ. ಮೊದಲು ಬಂದ ಫೋನನ್ನು ಅತ್ತ ತಿರುಗಿಸಿದರೆ ಮುಗಿಯುತ್ತಿತ್ತು. ಈಗ ಪ್ರತಿಯೊಬ್ಬರಿಗೂ ತಾನೇ ಫೋನ್ ಮಾಡಬೇಕು, ಪ್ರತಿಯೊಬ್ಬರಿಗೂ ಊಟ ಆಯ್ತೆಂದು ಹೇಳಬೇಕು, ಅವರದ್ದು ಕೇಳಬೇಕು, ಮೀನು ಯಾವುದು ಎಂದು ತಿಳಿಯಬೇಕು, ಶೆಟ್ಟರು ಲೈನ್ ಕಟ್ ಮಾಡಿದ್ದು ಸಿಟ್ಟಿನಿಂದ ಅಲ್ಲ ಎಂದು ಸಮಾಧಾನ ಮಾಡಬೇಕು. ಹನ್ನೆರಡನೇ ದಿನಕ್ಕೆ ‘ಆಯ್ತ್’ ಅನ್ನುವ ಶಬ್ದ ಬಾಯಲ್ಲಿ ಅಗಿದ ವೀಳ್ಯದೆಲೆಯ ನಾರಿನ ಹಾಗಾಗಿತ್ತು. ಮನೆಗೆ ಹೋದರೆ ಹೆಂಡತಿ ಪ್ರಫುಲ್ಲಾ, “ಊಟಕ್ಕ್ ಬಡ್ಸಲಾ?” ಎಂದರೆ, “ಆಯ್ತ್, ಎಂತ ಸಂಗ್ತಿ ಹೇಳಿ” ಎಂದುಬಿಟ್ಟ.

“ಸಂಗ್ತಿ ಎಂತದಿಲ್ಲ, ಕೈ ತೊಳ್ಕಂಡ್ ಬನ್ನಿ” ಎಂದಳು ಅವಳು.

ಹದಿನೆಂಟನೇ ದಿನ ಪೆಟ್ಟಿಗೆಯಲ್ಲಿ ನಲವತ್ತೊಂದು ಇದ್ದವು. ಹಿಂದಿನ ರಾತ್ರಿ ನಿದ್ದೆ ಆಗಿರಲಿಲ್ಲ, ತಲೆಯೊಳಗೆ ‘ಹಲೋ’ ಗುಂಯ್ ಅನ್ನುತ್ತಿತ್ತು. ಹದಿಮೂರನ್ನು ಕೇಳಿದ. ಎಲ್ಲವೂ ಊಟವೇ. ಹೆಡ್‌ಫೋನ್ ತೆಗೆದಿಟ್ಟ. ಊಟ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ಕೇಳಿದರಾಯಿತು ಎಂದು ಬೋರ್ಡಿನ ಮೇಲೆ ತಲೆಯಿಟ್ಟ. ಎಚ್ಚರಾದಾಗ ಚಾ ತಣಿದು ಕೆನೆ ಕಟ್ಟಿತ್ತು.

ಸಂಜೆ ನಾಲ್ಕೂವರೆಗೆ ಬ್ರಹ್ಮಾವರದಲ್ಲಿ ಬೀಜ ಬೇಯಿಸುವ ಬಾಯ್ಲರಿನ ಹಬೆಯ ಪೈಪು ಸಂದಿಯಲ್ಲಿ ಬಿಟ್ಟುಕೊಂಡಿತು. ಪಕ್ಕದಲ್ಲಿದ್ದ ಕೆಲಸದಾಳು ಕಿಟ್ಟನ ಬಲಗೈ ಮೊಣಕೈ ತನಕ ಬೆಂದುಹೋಯಿತು. ಆಸ್ಪತ್ರೆಯಲ್ಲಿ, ಜೀವಕ್ಕೇನೂ ಇಲ್ಲ, ಒಂದು ತಿಂಗಳು ಕೈ ನೀರಿಗೆ ಹಾಕಬಾರದು ಎಂದರು.

ಮರುದಿನ ಬೆಳಿಗ್ಗೆ ಶೆಟ್ಟರ ಕೋಣೆಯಲ್ಲಿ ಪದ್ದು ಬಂದು ನಿಂತಿದ್ದಳು. ಗಂಗೊಳ್ಳಿಯವಳು, ಬ್ರಹ್ಮಾವರದ ಫ್ಯಾಕ್ಟರಿಯಲ್ಲಿ ಹದಿನೈದು ವರ್ಷದಿಂದ ಹೆಂಗಸರ ಮೇಲಿನ ಮೇಸ್ತ್ರಿ. ಮೀನಿನ ಬುಟ್ಟಿ ಹೊತ್ತ ಅಮ್ಮನ ಮಗಳು, ಸ್ವರ ಸಣ್ಣದು ಮಾಡಿ ಗೊತ್ತಿಲ್ಲ. ಬಾಗಿಲು ಹಾಕಿದ್ದರೂ ಬೋರ್ಡಿನ ತನಕ ಎಲ್ಲ ಕೇಳುತ್ತಿತ್ತು.

“ನಾನ್ ಮೂರ್ ಸಲ ಫೋನ್ ಮಾಡಿದ್ದೆ ಶೆಟ್ರೆ. ಪೈಪ್ ಹಿಸ್ಸ್ ಅಂತಿತ್ತ್, ಬಾಯ್ಲರ್ ನಿಲ್ಸ್ಲಾ ಅಂತ ಕೇಂಬುಕೆ. ಮ್ಯಾನೇಜರ್ ಹೇಳ್ದೆ ನಿಲ್ಸುಕಾಗ ಅಂತ ನೀವೇ ಅಲ್ದಾ ಬೋರ್ಡ್ ಹಾಕಿಸಿದ್ದ್? ಈ ಜಿತೇಂದ್ರಣ್ಣ ಫೋನ್ ಎತ್ರ್, ಜಿತೇಂದ್ರ ಮಾತಾಡುದ್ ಅಂದ್ರ್. ಊಟ ಆಯ್ತಾ ಕೇಂಡೆ. ಇಟ್ಟೇ ಬಿಟ್ರ್.”

“ನಾನ್ ಎತ್ಲಿಲ್ಲ,” ಜಿತೇಂದ್ರನ ಸ್ವರ ಮೂಗಿನಿಂದ ಇನ್ನೂ ಮೇಲಕ್ಕೆ ಹೋಗಿತ್ತು. “ಮಧ್ಯಾಹ್ನ ನಾನ್ ಇಲ್ಲಿ ಇರಲೇ ಇಲ್ಲ. ಮೆಸೇಜ್ ಇದ್ರೆ ಇಮೇಲ್ ಬರ್ಕಿತ್ತ್. ಕಾಣಿ ಶೆಟ್ರೆ, ಮುನ್ನೂರ ಎರಡರಿಂದ ಒಂದೂ ಬರ್ಲಿಲ್ಲ.”

“ನಿಮ್ಮ ಸ್ವರ ನಂಗ್ ಗೊತ್ತಿಲ್ಯಾ? ಹದ್ನೈದ್ ವರ್ಷ ಬೈಸ್ಕಂಡಿದ್ದೆ.”

“ಪದ್ದು,” ಶೆಟ್ಟರು ಬಳಲಿದ ಸ್ವರದಲ್ಲಿ ಹೇಳಿದರು, “ದಾಖಲೆಯಲ್ಲಿ ಇಲ್ಲೆ ಮಾರಾಯ್ತಿ. ಮಾಡಿದ್ದಿದ್ರೆ ಅಲ್ಲಿ ಇರ್ಕಿತ್ತ್. ಕಿಟ್ಟನ ಮನಿಯವ್ರಿಗೆ ನಾನ್ ಎಂತ ಹೇಳುದ್? ಪೈಪ್ ಹಾಳಾದ್ದ್ ಕಂಡೂ ಸುಮ್ನಿದ್ಲ್ ಅಂತ್ಲಾ? ಇನ್ ಕೆಲ್ಸಕ್ಕ್ ಬಪ್ಪುದ್ ಬ್ಯಾಡ ಅಂತ ಹೇಳೂದಲ್ದೆ ಬೇರೆ ದಾರಿ ನಂಗ್ ಕಾಣುದಿಲ್ಲ.”

ಪದ್ದು ಸುಮ್ಮನಾದದ್ದನ್ನು ಹದಿನೈದು ವರ್ಷದಲ್ಲಿ ಲೀಲಾಧರ ಕೇಳಿದ್ದು ಅದೇ ಮೊದಲು.

ಅವನು ನೂರನೇ ಪೆಟ್ಟಿಗೆ ತೆರೆದ. ನಿನ್ನೆ ಕೇಳದೆ ಬಿಟ್ಟ ಇಪ್ಪತ್ತೆಂಟರ ನಡುವೆ ಮುನ್ನೂರ ಎರಡರಿಂದ ಮೂರು ಇದ್ದವು. ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿದ. ಇದ್ದಲ್ಲೇ ಇರಲಿ ಅಂದರೆ ಇರುತ್ತದೆ. ಇನ್ನು ಹನ್ನೊಂದು ದಿನಕ್ಕೆ ತಿಂಗಳು ಮುಗಿಯುತ್ತದೆ. ಅಳಿಸು ಎಂದರೂ ಅಳಿಸುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು. ಆ ಗುಂಡಿಯ ಮೇಲೆ ಬೆರಳು ಹೋಗಿತ್ತು ಕೂಡ. ಅದು ತನಗೆ ಬಲು ಸುಲಭವಾಗಿ ಬರುವ ಕೆಲಸ ಎಂದು ಕಂಡಾಗ ಬೆರಳು ಹಿಂದಕ್ಕೆ ತೆಗೆದ.

ಎದ್ದು ಬಾಗಿಲು ತಳ್ಳಿ ಒಳಗೆ ಹೋದ. ಯಾರ ಮುಖವನ್ನೂ ನೋಡದೆ ಶೆಟ್ಟರ ಮೇಜಿನ ಫೋನಿನ ಸ್ಪೀಕರ್ ಹಾಕಿ, ನೂರು ಒತ್ತಿ, ಆ ಮೂರನ್ನೂ ಕೇಳಿಸಿದ.

“ಹ್ವಾಯ್ ಜಿತೇಂದ್ರಣ್ಣ, ಊಟ ಆಯ್ತಾ?” ಪದ್ದುವಿನ ಸ್ವರ, ಹಿಂದೆ ಎಲ್ಲೋ ಹಿಸ್ಸ್ ಎನ್ನುವ ಸದ್ದು. ಕಟ್.

“ಎಂತ, ಇಟ್ರ್ಯಾ? ಊಟ ಆಯ್ಲಿಲ್ಯಾ?” ಕಟ್.

“ಸಿಟ್ಟಾ ನನ್ ಮೇಲೆ?” ಮತ್ತೆ ಅದೇ ಹಿಸ್ಸ್. ಕಟ್.

“ನಾ ಹೇಳಿದ್ದಲ್ದಾ,” ಎದುರಿಗೆ ನಿಂತಿದ್ದ ಪದ್ದು ಹೇಳಿದಳು.

“ಇವ್ಳ್ ಸುಳ್ಳ್ ಹೇಳ್ಲಿಲ್ಲ ಶೆಟ್ರೆ. ಜಿತೇಂದ್ರನೂ ಸುಳ್ಳ್ ಹೇಳ್ಲಿಲ್ಲ,” ಲೀಲಾಧರ ಹೇಳಿದ. “ಜಿತೇಂದ್ರ ಮಾತಾಡುದ್ ಅಂತ ಹೇಳಿದ್ದ್ ನಾನ್. ಮಿಷಿನಲ್ಲಿ. ಅವ್ಳ್ ಊಟ ಕೇಂಡ್ ಕಾದ್ಲ್, ಮಿಷಿನ್ ಕಾಯ್ಲಿಲ್ಲ. ಎಲ್ರೂ ಹಾಂಗೇ. ನಿಮ್ಮ ಪೆಟ್ಗಿಗೆ ಬಂದದ್ದೂ ನನ್ನಲ್ಲೇ ಬಿದ್ದಿತ್ತ್.”

“ನಿಂಗ್ ಗೊತ್ತಿದ್ದಿತ್ತಾ?”

“ಗೊತ್ತಿದ್ದಿತ್ತ್.”

“ಎಷ್ಟ್ ದಿನದಿಂದ?”

“ಎರಡ್ನೇ ದಿನದಿಂದ. ನಾನೇ ತಿರ್ಗಿ ಫೋನ್ ಮಾಡಿ ಚೀಟಿ ಇಡ್ತಿದ್ದೆ. ನಿನ್ನೆ ಒಂದ್ ದಿನ... ಸಾಕಾಯ್ತ್. ಕೇಣ್ಲಿಲ್ಲ.”

ಶೆಟ್ಟರು, ಮಿಷಿನ್ ಆಗಿದ್ದರೆ ನಾಲ್ಕು ಸಲ ಲೈನ್ ಕಟ್ ಮಾಡುವಷ್ಟು ಹೊತ್ತು ಕನ್ನಡಕ ತೆಗೆದು ಒರೆಸಿ, “ಪದ್ದು, ನೀನ್ ಕೆಲ್ಸಕ್ಕ್ ಹೋಗ್” ಅಂದರು. ಆಮೇಲೆ ಲೀಲಾಧರನ ಕಡೆ ತಿರುಗಿದರು. “ಕಿಟ್ಟನ ಕೈ ಕಾಂಬುಕ್ ಹೋಗ್ ಒಂದ್ ಸಲ. ಬಂದ್ಕಂಡ್ ಇದನ್ ಸರಿ ಮಾಡ್. ಸರಿ ಮಾಡುದ್ ಹೆಂಗ್ ಅಂತಲೂ ನಿಂಗ್ ಗೊತ್ತಿತ್ತ್ ಅಲ್ದಾ?”

“ಗೊತ್ತಿತ್ತ್,” ಎಂದ ಲೀಲಾಧರ. ಅದೂ ನಿಜವೇ.

ಕಿಟ್ಟ ಆಸ್ಪತ್ರೆಯ ಮಂಚದಲ್ಲಿ ಎಡಗೈಯಲ್ಲಿ ಗಂಜಿ ಉಣ್ಣಲು ಪೇಚಾಡುತ್ತಿದ್ದ. ಬಾಗಿಲಲ್ಲಿ ಲೀಲಾಧರನನ್ನು ಕಂಡದ್ದೇ ಚಮಚ ನಿಲ್ಲಿಸಿ, “ಬನ್ನಿ ಲೀಲಣ್ಣ, ಊಟ ಆಯ್ತಾ?” ಎಂದು ಕೇಳಿದ. ಲೀಲಾಧರನಿಗೆ ಉತ್ತರ ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಿತು. ಕಿಟ್ಟ ಕಾದ.

ರೋಷನನ್ನು ಕರೆಸಿದರು. ಸುಮ್ಮನಿರುವ ಹೊತ್ತನ್ನು ಮೂರರಿಂದ ಐದು ಸೆಕೆಂಡಿಗೆ ಏರಿಸಬಹುದು, ಅದಕ್ಕಿಂತ ಮೇಲೆ ಹೋಗುವುದಿಲ್ಲ ಎಂದ ಅವನು. “ಆದ್ರೆ ಇದು ಎಂತ ಮಾರ್ರೆ, ಬೀಪ್ ಕೇಳಿದ ಮೇಲೂ ಜನ ಊಟ ಕೇಳೂದಾ?”

“ಐದ್ ಸಾಲುದಿಲ್ಲ. ನಮ್ಮವ್ರ್ ಬೇಕಾದ್ರೆ ಅರ್ಧ ಗಂಟೆ ಕಾಯ್ತ್ರ್,” ಎಂದು ಲೀಲಾಧರ ಮೈಕ್ ಹತ್ತಿರಕ್ಕೆ ಎಳೆದುಕೊಂಡ. “ಊಟ ಮೊದ್ಲೇ ಮುಗ್ಸಿ ಬಿಡುವ.”

ಮತ್ತೆ ಇಪ್ಪತ್ತೊಂದು ಜನರಾದ. ಈ ಸಲ ರಂಗು ಏನೂ ಇರಲಿಲ್ಲ. ಪಾತ್ರೆ ತೊಳೆದು ಕವುಚಿ ಇಡುವವನ ಹಾಗೆ ಒಂದರ ಮೇಲೆ ಒಂದು ಮುಗಿಸಿದ.

“ಹಾಂ... ಇದ್ ಗುಣಪಾಲ ಅಲ್ಲ, ಗುಣಪಾಲನ ಪೆಟ್ಗಿ. ನಂದ್ ಊಟ ಆಯ್ತ್. ಬಂಗ್ಡೆ ಸಾರ್. ಮನಿಯಲ್ಲಿ ಎಲ್ಲಾ ಅರಾಮ್ ಇದ್ರ್. ನಿಮ್ದೂ ಆಯ್ತ್ ಅಂದ್ಕಂತೆ. ಕಾಯ್ಬೇಡಿ, ನಾನ್ ಮಾತಾಡುದಿಲ್ಲ. ಸೀದಾ ಸಂಗ್ತಿ ಹೇಳಿ.”

ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ರೋಷನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. “ಮಂಗಳೂರಲ್ಲಿ ಬೇರೆ ಕಂಪೆನಿಗಳಿಗೂ ಹೀಗೆ ಮಾಡಿಕೊಡ್ತೀರಾ?”

“ಅಲ್ಲಿ ಯಾವ ಮೀನ್ ಅಂತ ಕೇಂಡ್ಕಂಡ್ ಬನ್ನಿ.”

ಎರಡೇ ದಿನಕ್ಕೆ ಶೆಟ್ಟರ ಕಂಪ್ಯೂಟರಿನಲ್ಲಿ ಇಮೇಲು ಸಾಲುಗಟ್ಟಿತು. ಬೈಂದೂರಿನ ಲಾರಿ, ಬ್ರಹ್ಮಾವರದ ಪೈಪು, ಯಾರ ರಜೆ, ಯಾರ ಜಗಳ, ಎಲ್ಲ ತಾರೀಕು ಗಂಟೆ ಸಮೇತ. ನೂರನೇ ಪೆಟ್ಟಿಗೆ ಖಾಲಿಯಾಯಿತು. ಲೀಲಾಧರ ದಿನಕ್ಕೆ ಹತ್ತು ಸಲ ಅದನ್ನು ತೆರೆದು ನೋಡುತ್ತಿದ್ದ. ಇಪ್ಪತ್ತೆಂಟನೇ ದಿನ ಒಂದು ಮೆಸೇಜು ಇತ್ತು. ಆತುರದಿಂದ ಕೇಳಿದರೆ ಯಾರೋ ನಂಬರ್ ತಪ್ಪಿ ಕೆಮ್ಮಿ ಇಟ್ಟದ್ದು.

ತಿಂಗಳು ಮುಗಿದ ದಿನ ಶೆಟ್ಟರೇ ಬೋರ್ಡಿನ ಹತ್ತಿರ ಬಂದು ನಿಂತರು.

“ಲೀಲಾಧರ, ಬೈಂದೂರಿಗೆ ಸೋಮವಾರದಿಂದ ಹೋತ್ಯಾ?”

“ಹೋತೆ.”

“ಸಿಟ್ಟಲ್ಲ ನಂಗೆ. ಇಲ್ಲಿ ಕೆಲ್ಸ ಇಲ್ಲೆ, ಅಷ್ಟೇ. ನೀನೇ ಕಾಂತಿದ್ಯಲ್ಲ.”

“ಕಾಂತಿದ್ದೆ.”

ಶೆಟ್ಟರು ಬೋರ್ಡಿನ ಮೇಲೆ ಬೆರಳಾಡಿಸಿ, ಧೂಳು ನೋಡಿ, “ಗಂಟ್ಲಿಗೆ ಬಟ್ಟೆ ಕಟ್ಕ” ಎಂದು ಹೇಳಿ ಒಳಗೆ ಹೋದರು.

ಬೆಳಿಗ್ಗೆ ಎಂಟಕ್ಕೆ ಬಸ್ಸು. ತ್ರಾಸಿ ದಾಟುವಾಗ ಎಡಕ್ಕೆ ಕಡಲು ಕಾಣುತ್ತದೆ ಎಂದು ದೂರದವರು ಕಿಟಕಿಗೆ ಮುಗಿಬೀಳುತ್ತಾರೆ. ಲೀಲಾಧರ ಆ ಹೊತ್ತಿಗೆ ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿರುತ್ತಿದ್ದ. ಗೋಡೌನಿನಲ್ಲಿ ಮೂಟೆ ಎಣಿಸುವುದು, ಲಾರಿಯ ನಂಬರ್ ಬರೆಯುವುದು. ಮೂಗಿಗೆ ಪ್ರಫುಲ್ಲಾಳ ಹಳೇ ಸೀರೆಯ ತುಂಡು. ಒಂದು ವಾರದಲ್ಲಿ ಸ್ವರ ಕಟ್ಟಿತು. ಶೆಟ್ಟರ ಸ್ವರ ತೆಗೆಯಲು ಹೋದರೆ ಕೆಮ್ಮು ಮಾತ್ರ ಬರುತ್ತಿತ್ತು. ಅದು ಶೆಟ್ಟರದ್ದೇ ಕೆಮ್ಮು ಎಂದು ಮೂಟೆ ಹೊರುವ ನಾಗ ಒಪ್ಪಿಕೊಂಡದ್ದು ಒಂದು ಸಮಾಧಾನ.

ಗೋಡೌನಿನ ಮೂಲೆಯಲ್ಲಿ ಒಂದು ಫೋನಿತ್ತು, ಇನ್ನೂರ ಒಂದು. ಬಂದ ದಿನವೇ ಅವನು ಅದರೊಳಗಿನ ಸ್ವರ ಅಳಿಸಿ, ಪೆಟ್ಟಿಗೆಯನ್ನೇ ಮುಚ್ಚಿಸಿದ್ದ. ಬಡಿದರೆ ಎತ್ತಬೇಕು.

ಎರಡನೇ ವಾರದ ಒಂದು ಮಧ್ಯಾಹ್ನ ಅದು ಬಡಿಯಿತು.

“ಲೀಲಣ್ಣ, ನಾನ್ ಪದ್ದು. ಊಟ ಆಯ್ತಾ?”

“ಆಯ್ತ್. ಎಂತ ಸಂಗ್ತಿ?”

“ಸಂಗ್ತಿ ನಿಮ್ಗಲ್ಲ. ಅದನ್ ಈಗ ಕುಂದಾಪ್ರದ ಪೆಟ್ಗಿಗೆ ಹೇಳ್ತೆ. ಆ ಪೆಟ್ಗಿ ಊಟ ಆಯ್ತ್ ಅಂತ ತಾನೇ ಹೇಳಿ ಮುಗ್ಸತ್ತ್, ನಾವ್ ಕೇಂಬುಕೇ ಬಿಡುದಿಲ್ಲ. ಕೇಣ್ದೆ ಹೆಂಗ್ ಮಾತಾಡುದ್ ಹೇಳಿ? ಬಾಯಿ ಏಳುದಿಲ್ಲ. ಅದ್ಕ್ ಮೊದ್ಲ್ ನಿಮ್ಗ್ ಕೇಂಡ್ಕಂಡ್, ಮತ್ತೆ ಅಲ್ಲಿಗ್ ಮಾಡುವ ಅಂತ.”

ಅವಳು ಇದನ್ನು ಫ್ಯಾಕ್ಟರಿಯ ಹೆಂಗಸರಿಗೆ ಹೇಳಿರಬೇಕು. ಮರುದಿನ ನಾಲ್ಕು ಫೋನ್ ಬಂದವು. ಅದರ ಮರುದಿನ ಒಂಬತ್ತು. ಆ ವಾರ ಕಳೆಯುವಷ್ಟರಲ್ಲಿ ಒಂದು ಗಂಟೆಯಿಂದ ಎರಡರ ತನಕ ಇನ್ನೂರ ಒಂದು ನಿಂತದ್ದೇ ಇಲ್ಲ. ಕೈಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದ ಕಿಟ್ಟ ಮಾಡಿದ, ಕುಂದಾಪುರದಿಂದ ಸರಸಕ್ಕ ಮಾಡಿದಳು. ಸಂಗತಿ ಎಲ್ಲ ಕುಂದಾಪುರಕ್ಕೆ ಇಮೇಲಿನಲ್ಲಿ ಹೋಗುತ್ತಿತ್ತು. ಊಟ ಮಾತ್ರ ಬೈಂದೂರಿಗೆ ಬರುತ್ತಿತ್ತು.

ಆ ಶನಿವಾರ ಹನ್ನೊಂದನೇ ಫೋನ್ ಪದ್ದುವಿನದ್ದು. ಬೋರಲು ಹಾಕಿದ ಮೂಟೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂತಿದ್ದ ಲೀಲಾಧರ ಎದ್ದು ಹೋಗಿ ಎತ್ತಿದ.

“ಊಟ ಆಯ್ತಾ ಲೀಲಣ್ಣ?”

“ಆಯ್ತ್,” ಎಂದ, ಕಟ್ಟಿದ ಗಂಟಲಿನಲ್ಲಿ.

“ಸುಳ್ಳ್. ಉಂಡವ್ರ್ ಸ್ವರ ಹೀಂಗಿರುದಿಲ್ಲ. ಬುತ್ತಿ ತೆಗಿನಿ ಕಾಂಬ.”

“ಮತ್ತೆ ತೆಗಿತೆ ಮಾರಾಯ್ತಿ. ಫೋನ್ ಇಡ್.”

“ಇಡುದಿಲ್ಲ. ನೀವ್ ತೆಗಿನಿ.”

ಫೋನಿನ ವೈರು ಮೂಟೆಯ ತನಕ ಮುಟ್ಟುತ್ತಿರಲಿಲ್ಲ. ರಿಸೀವರನ್ನು ಮೇಜಿನ ಮೇಲೆ ಅಡ್ಡ ಇಟ್ಟು, ಹೋಗಿ ಬುತ್ತಿ ತಂದು, ಮುಚ್ಚಳದ ಕೊಂಡಿ ಬಿಡಿಸಲು ಉಗುರು ಸಾಲದೆ ಬೀಗದ ಕೈಯಿಂದ ಎತ್ತಿ ತೆರೆದ. ಅಷ್ಟು ಹೊತ್ತು ಹಿಡಿಯಿತು. ರಿಸೀವರ್ ಕಿವಿಗಿಟ್ಟರೆ ಆ ಕಡೆ ಅವಳು ಉಸಿರಾಡುವುದು ಕೇಳುತ್ತಿತ್ತು.

“ತೆಗ್ದಾಯ್ತಾ? ಎಂತ ಮೀನ್?”

“ಮೀನಿಲ್ಲ. ಶನಿವಾರ.”

“ಹ್ಞಾ, ಮರ್ತ್ ಹೋಯ್ತ್. ಉಣ್ಣಿ ಹಾಂಗಾರೆ.”

ಅವಳು ಇಟ್ಟಳು. ಅವನು ಅನ್ನಕ್ಕೆ ಸಾರು ಸುರಿದು ಮೊದಲ ತುತ್ತು ಕಲಸಿದ. ಫೋನ್ ಮತ್ತೆ ಬಡಿಯಿತು. ತುತ್ತನ್ನು ಬಾಯಿಗೆ ಹಾಕಿಕೊಂಡು, ಸಾರಿನ ಕೈಯನ್ನು ದೂರ ಹಿಡಿದು, ಎಡಗೈಯಲ್ಲಿ ಎತ್ತಿದ.